ಕಾಗೆ ಮುಟ್ಟಿದ ವರ್ಷ

ಯಾರ ಮನೆಯಲ್ಲಾದರೂ ಎದೆಯ ಕಾಯಿಲೆ ಕಾಣಿಸಿಕೊಂಡರೆ ಈಗ ನನ್ನನ್ನು ಕರೆಸುತ್ತಾರೆ. ನನಗೆ ವೈದ್ಯ ಗೊತ್ತಿಲ್ಲ, ಮಂತ್ರವೂ ಗೊತ್ತಿಲ್ಲ. ಆದರೂ ಹೋಗಿ ಕಾಯಿಲೆಯವರ ಎದುರಿಗೆ ಕೂತು, ಕೊಟ್ಟ ಕಾಫಿ ಕುಡಿದು ಬರುತ್ತೇನೆ. "ನೋಡಿ, ಇವರಿಗೂ ಅದೇ ಆಗಿತ್ತು, ಈಗ ಹೇಗಿದ್ದಾರೆ" ಎಂದು ಮನೆಯವರು ನನ್ನನ್ನು ತೋರಿಸುತ್ತಾರೆ. ನಾನೂ ಸ್ವಲ್ಪ ಬೆನ್ನು ನೆಟ್ಟಗೆ ಮಾಡಿಕೊಂಡು ಕೂರುತ್ತೇನೆ. ಆ ಮನೆಗಳಲ್ಲಿ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಮದ್ದಿನ ವಿಚಾರವನ್ನು ಡಾಕ್ಟರು ಹೇಳುತ್ತಾರೆ. ಹಿತ್ತಲಲ್ಲಿ ಒಬ್ಬಳೇ ಮಲಗಿದ್ದರೆ ಹೊತ್ತು ಹೇಗೆ ಹೋಗುತ್ತದೆ ಎನ್ನುವುದನ್ನು ಮಾತ್ರ ಯಾರೂ ಹೇಳುವುದಿಲ್ಲ.

ಆಗ ನಮ್ಮ ಮನೆ ಲಕ್ಷ್ಮೀಪುರದಲ್ಲಿತ್ತು. ನಮ್ಮ ಯಜಮಾನರು ಅರಮನೆಯ ಕಚೇರಿಯಲ್ಲಿ ಗುಮಾಸ್ತರು. ಮನೆಯಲ್ಲಿ ನಾವಿಬ್ಬರು, ನಮ್ಮತ್ತೆ, ನಾಲ್ಕು ವರ್ಷದ ಮಗಳು ಪದ್ದು, ಇಷ್ಟೇ ಜನ. ಆ ವರ್ಷ ದಸರೆ ಮುಗಿದು ಗೊಂಬೆಗಳನ್ನು ಪೆಟ್ಟಿಗೆಗೆ ತುಂಬುವಾಗ ನನಗೆ ಕೆಮ್ಮು ಹತ್ತಿಕೊಂಡಿತು. ಗೊಂಬೆಗಳ ಧೂಳು ಎಂದುಕೊಂಡೆವು. ದೀಪಾವಳಿ ಕಳೆದರೂ ಆ ಧೂಳು ಹೋಗಲಿಲ್ಲ. ಸಂಜೆಯಾದರೆ ಮೈ ಬೆಚ್ಚಗಾಗುತ್ತಿತ್ತು, ಕೈಯೆತ್ತಿದರೆ ಬಳೆಗಳು ಮೊಣಕೈವರೆಗೆ ಜಾರುತ್ತಿದ್ದವು. ಅತ್ತೆ ಮೆಣಸಿನ ಕಷಾಯ ಕೊಟ್ಟರು, ಆಡುಸೋಗೆ ರಸ ಕೊಟ್ಟರು, ದೃಷ್ಟಿ ತೆಗೆದರು. ಒಂದು ಬೆಳಿಗ್ಗೆ ಹಿತ್ತಲಲ್ಲಿ ಬಾಯಿ ಮುಕ್ಕಳಿಸಿ ಉಗುಳಿದಾಗ ಕೆಂಪು ಕಂಡಿತು. ಬೇಗಬೇಗ ಅದರ ಮೇಲೆ ಮಣ್ಣು ಹಾಕಿದೆ. ನೆಲಕ್ಕೆ ಹಾಕಬಹುದು, ಅತ್ತೆಯ ಕಣ್ಣಿಗೆ ಹಾಕಲು ಆಗುತ್ತದೆಯೇ? ಅವರು ಬಾಗಿಲಲ್ಲೇ ನಿಂತಿದ್ದರು.

ಆಸ್ಪತ್ರೆಯಲ್ಲಿ ಹೆಂಗಸರ ಬೆಂಚು ಹೊರಗಿನ ವರಾಂಡದಲ್ಲಿತ್ತು. ಕಫವನ್ನು ಪರೀಕ್ಷೆಗೆ ಕೊಟ್ಟು, ಎರಡನೆಯ ಸಲ ಹೋದ ದಿನ ಅದು. ಯಜಮಾನರು ಗಂಡಸರ ಕಡೆ ನಿಂತು, ತಲೆಯ ಮೇಲಿನ ಪೇಟವನ್ನು ತೆಗೆದು ಕೈಯಲ್ಲಿ ತಿರುಗಿಸುತ್ತಿದ್ದರು. ಹೆದರಿಕೆಯಾದರೆ ಅವರ ಪೇಟ ಕೈಗೆ ಬರುತ್ತದೆ. ನನ್ನ ಪಕ್ಕದಲ್ಲಿ ಇಗರ್ಜಿಗೆ ನಡೆದುಕೊಳ್ಳುವ ಮನೆತನದ ವಯಸ್ಸಾದ ಹೆಂಗಸೊಬ್ಬರು ಜಪಮಾಲೆ ಹಿಡಿದು ಕೂತಿದ್ದರು. ಒಳಗಿನಿಂದ ನನ್ನ ಹೆಸರು ಕೂಗಿದಾಗ ನನಗೆ ಏಳಲಾಗಲಿಲ್ಲ. ಆಕೆ ಜಪಮಾಲೆಯನ್ನು ಮಡಿಲಲ್ಲಿಟ್ಟು ನನ್ನ ಕೈ ಹಿಡಿದು ಎಬ್ಬಿಸಿದರು. "ಹೋಗಮ್ಮ, ಏನಂತಾರೋ ಕೇಳ್ಕೊಂಡ್ಬಾ. ನೀನು ಬರೋಗಂಟ ಇಲ್ಲೇ ಇರ್ತೀನಿ" ಎಂದರು. ಅದಾದ ಮೇಲೆ ಬಹಳ ಕಾಲ ಯಾರೂ ನನ್ನ ಕೈ ಹಿಡಿಯಲಿಲ್ಲ. ಆ ಬೆಚ್ಚಗಿನ ಅಂಗೈ ನನಗೆ ಇನ್ನೂ ನೆನಪಿದೆ. ಹೆಸರನ್ನು ಕೇಳಲು ಮಾತ್ರ ತೋಚಲಿಲ್ಲ.

ಡಾಕ್ಟರು ಕಾಯಿಲೆಯ ಹೆಸರನ್ನು ಯಜಮಾನರಿಗೆ ಇಂಗ್ಲಿಷಿನಲ್ಲಿ ಹೇಳಿದರು. ನನಗೆ ಇಂಗ್ಲಿಷು ಬಾರದಿದ್ದರೇನು, ಯಜಮಾನರ ಮುಖ ಕನ್ನಡದಲ್ಲೇ ಇತ್ತು. ಆಮೇಲೆ ನನ್ನ ಕಡೆ ತಿರುಗಿ, "ಗಾಳಿ ಬೆಳಕು ಇರೋ ಕಡೆ ಇರ್ಬೇಕಮ್ಮ. ಹಾಲು ಕುಡೀರಿ. ಅಲ್ಲಾಡದೆ ಮಲಗಿರಿ. ಮಗು ಇದೆ ಅಂದ್ರಲ್ಲ, ಅದನ್ನ ಮಾತ್ರ ಹತ್ತಿರ ಸೇರಿಸ್ಬೇಡಿ, ಮುಟ್ಟಬೇಡಿ" ಎಂದರು. "ಎಷ್ಟು ದಿನ?" ಎಂದು ಕೇಳಿದೆ. ಡಾಕ್ಟರು ನೋಡೋಣ ಎಂದರು. ದಿನಗಳಲ್ಲಿ ಹೇಳುವಂಥದ್ದಲ್ಲ ಎಂದು ಆಗಲೇ ಅರ್ಥವಾಯಿತು. ವಾಪಸು ಬರುವಾಗ ಮಾರ್ಕೆಟ್ಟಿನ ಹತ್ತಿರ ಯಜಮಾನರು ಜಟಕಾ ನಿಲ್ಲಿಸಿ ಇಳಿದುಹೋಗಿ ಒಂದು ಮಾರು ಸೇವಂತಿಗೆ ತಂದರು. ಸೀಟಿನ ಮೇಲೆ ನನ್ನ ಪಕ್ಕದಲ್ಲಿ ಇಟ್ಟರು. ಅದನ್ನು ಮುಡಿದುಕೊಂಡೇ ಮನೆಗೆ ಬಂದೆ.

ಹಿತ್ತಲಿನ ಸೀಬೆ ಮರದ ಕೆಳಗೆ ತೆಂಗಿನ ಗರಿಯ ಚಪ್ಪರ ಹಾಕಿಸಿ ಒಂದು ಮಂಚ ಹಾಕಿದರು. ತಟ್ಟೆ, ಲೋಟ, ಚೊಂಬು ಎಲ್ಲವೂ ಬೇರೆ. ಡಾಕ್ಟರು ಬರೆದುಕೊಟ್ಟಿದ್ದ ಮೀನೆಣ್ಣೆ ದೊಡ್ಡ ಸಮಸ್ಯೆಯಾಯಿತು. ನಮ್ಮತ್ತೆ ಮಡಿಯ ಹೆಂಗಸು, ಈರುಳ್ಳಿಯ ವಾಸನೆಗೇ ಮೂಗು ಮುಚ್ಚುವವರು. ಆದರೆ ಅದನ್ನು ಅಳೆದು ಕೊಡುವ ಕೆಲಸವನ್ನು ಬೇರೆ ಯಾರಿಗೂ ಬಿಡಲಿಲ್ಲ. ಮುಖವನ್ನು ತುಳಸಿಕಟ್ಟೆಯ ಕಡೆ ತಿರುಗಿಸಿ, ರಾಮ ರಾಮ ಎನ್ನುತ್ತಾ, ಚಮಚವನ್ನು ಹಿಂದಕ್ಕೆ ಚಾಚುತ್ತಿದ್ದರು. ಅರ್ಧ ನನ್ನ ಬಾಯಿಗೆ, ಅರ್ಧ ಸೆರಗಿಗೆ. ಆಮೇಲೆ ಬಾವಿಕಟ್ಟೆಗೆ ಹೋಗಿ ತಲೆಯ ಮೇಲೆ ನೀರು ಸುರಿದುಕೊಳ್ಳುತ್ತಿದ್ದರು. ಮಾಗಿಯ ಚಳಿಯಲ್ಲೂ ಅದನ್ನು ತಪ್ಪಿಸಲಿಲ್ಲ.

ಪದ್ದುವಿಗೆ ಏನು ಹೇಳುವುದು? ನಮ್ಮಂಥ ಮನೆಗಳಲ್ಲಿ ಹೆಂಗಸರು ತಿಂಗಳಿಗೆ ಮೂರು ದಿನ ಹೊರಗೆ ಕೂತಾಗ ಮಕ್ಕಳಿಗೆ ಹೇಳುವ ಮಾತೊಂದಿದೆ. "ಅಮ್ಮನ್ನ ಕಾಗೆ ಮುಟ್ಟಿದೆ, ಹತ್ತಿರ ಹೋಗ್ಬೇಡ" ಎನ್ನುತ್ತಾರೆ. ನಾಲ್ಕನೆಯ ದಿನ ತಲೆಗೆ ನೀರು ಹಾಕಿಕೊಂಡರೆ ಕಾಗೆ ಬಿಟ್ಟಿತು ಎಂದು ಲೆಕ್ಕ. ಆ ಮಾತು ಪದ್ದುವಿಗೆ ಗೊತ್ತಿದ್ದದ್ದೇ. ಅತ್ತೆ ಅದನ್ನೇ ಹೇಳಿದರು. ಮಗು ನಂಬಿ, ಒಗೆಯುವ ಕಲ್ಲಿನ ಹತ್ತಿರ ನಿಂತು ನಾಲ್ಕನೆಯ ದಿನವನ್ನು ಕಾದಳು. ಅದು ಬರಲಿಲ್ಲ.

"ಕಾಗೆ ಬಿಡ್ತಾ ಅಮ್ಮ?" ಎಂದು ದಿನವೂ ಬೆಳಿಗ್ಗೆ ಕಲ್ಲಿನ ಹತ್ತಿರದಿಂದ ಕೂಗುತ್ತಿದ್ದಳು.

"ಇನ್ನೂ ಇಲ್ಲ ಕಣೇ."

"ಇದು ಯಾವ ಕಾಗೆ, ಇಷ್ಟು ದಿನ ಮುಟ್ಟಿರೋದು?"

ಸಾವಿನ ಭಯ ಯಾವಾಗಲಾದರೂ ಬಂದು ಹೋಗುತ್ತಿತ್ತು. ಈ ಮಗುವನ್ನು ಇನ್ನೊಂದು ಸಲ ಎತ್ತಿಕೊಳ್ಳದೆ ಹೋಗಿಬಿಡುತ್ತೇನೆ ಎನ್ನುವ ಭಯ ಮಾತ್ರ ನನ್ನ ಜೊತೆಯಲ್ಲೇ ಏಳುತ್ತಿತ್ತು, ನನ್ನ ಜೊತೆಯಲ್ಲೇ ಮಲಗುತ್ತಿತ್ತು. ಬೇರೆ ಏನನ್ನೂ ದೇವರಲ್ಲಿ ಕೇಳಿಕೊಂಡ ನೆನಪಿಲ್ಲ.

ಮೊದಮೊದಲು ನನಗೆ ಹಕ್ಕಿಗಳು ಕಾಣಲೇ ಇಲ್ಲ. ಅಡುಗೆಮನೆಯಿಂದ ಬರುವ ಸದ್ದುಗಳನ್ನೇ ಕೇಳಿಸಿಕೊಳ್ಳುತ್ತಾ, ಸಾರಿನ ಒಗ್ಗರಣೆ ಸೀದುಹೋಯಿತು ಎಂದು ಮಂಚದಿಂದಲೇ ಸಂಕಟಪಡುತ್ತಿದ್ದೆ. ಅಲ್ಲಾಡಬಾರದು ಎಂದಿದ್ದರಲ್ಲ, ಅಲ್ಲಾಡದೆ ಬಿದ್ದುಕೊಂಡವಳನ್ನು ಹಕ್ಕಿಗಳು ಮನುಷ್ಯಳೆಂದು ಎಣಿಸುವುದನ್ನು ಬಿಟ್ಟವು. ಪಾತ್ರೆ ತೊಳೆದ ನೀರು ಹರಿಯುವ ಕಡೆ ಬೂದುಬಣ್ಣದ, ಹಳದಿ ಹೊಟ್ಟೆಯ ಒಂದು ಪುಟ್ಟ ಹಕ್ಕಿ ಬಂದು ಬಾಲವನ್ನು ಮೇಲೆ ಕೆಳಗೆ ಆಡಿಸುತ್ತಾ ಓಡಾಡುತ್ತಿತ್ತು. ನಿಂತರೂ ಬಾಲ ನಿಲ್ಲದು. ಅದರ ಹೆಸರು ನಮಗೆ ಗೊತ್ತಿರಲಿಲ್ಲ. ಪದ್ದು ಅದನ್ನು 'ಚಳಿಯಮ್ಮ' ಎಂದಳು, ಚಳಿಗೆ ನಡುಗುತ್ತಿದೆ ಎಂದು. ನಾನು ಮಂಚದಿಂದ, ಅವಳು ಕಲ್ಲಿನ ಹತ್ತಿರದಿಂದ, ಇಬ್ಬರೂ ಚಳಿಯಮ್ಮನನ್ನು ನೋಡುತ್ತಿದ್ದೆವು. ಅವಳು ಅದರ ಹಾಗೆಯೇ ಹಿಂದುಗಡೆ ಅಲ್ಲಾಡಿಸುತ್ತಾ ನಡೆದು ತೋರಿಸಿದಾಗ ನಗಲು ಹೋಗಿ ಕೆಮ್ಮು ಬಂತು. ಆ ಕೆಮ್ಮಿಗೆ ನನಗೆ ಬೇಸರವಾಗಲಿಲ್ಲ.

ಹೀಗೆ ಅಮ್ಮ ಮಗಳಿಗೆ ಹೊಸ ಸಂಸಾರ ಶುರುವಾಯಿತು. ಬೆಳಿಗ್ಗೆ ಮಡಿವಾಳ ಹಕ್ಕಿ ಬಾವಿಯ ರಾಟೆಯ ಮೇಲೆ ಕೂತು ಸಿಳ್ಳು ಹಾಕುತ್ತಿತ್ತು. ಆಮೇಲೆ ಗೊರವಂಕಗಳ ಜಗಳ. ಮಧ್ಯಾಹ್ನ ಗಿಣಿಗಳು ಬಂದು ಒಂದೊಂದು ಸೀಬೆಕಾಯಿಗೂ ಒಂದೊಂದು ಕಚ್ಚು ಹಾಕಿ, ರುಚಿಯಿಲ್ಲ ಎಂಬಂತೆ ನನ್ನ ಚಪ್ಪರದ ಮೇಲೆ ಬೀಳಿಸುತ್ತಿದ್ದವು. ಸಂಜೆ ಯಜಮಾನರು ಕಚೇರಿಯಿಂದ ಬಂದು ಬಾವಿಕಟ್ಟೆಯ ಮೇಲೆ ಕೂತರೆ ಪದ್ದು ಅಂದಂದಿನ ವರದಿ ಒಪ್ಪಿಸುವಳು. ಅವರು ದಿವಾನರು ಅಹವಾಲು ಕೇಳುವಂತೆ ಗಂಭೀರವಾಗಿ ಕೇಳಿ, "ಸರಿ, ಗಿಣಿಗಳ ಮೇಲೆ ಕ್ರಮ ಕೈಗೊಳ್ಳೋಣ" ಎನ್ನುವರು.

ಶಿವರಾತ್ರಿ ಕಳೆದ ಮೇಲೆ ಒಂದು ದಿನ ಚಳಿಯಮ್ಮ ಬರಲಿಲ್ಲ. ಮರುದಿನವೂ ಇಲ್ಲ. ಅದೇ ವಾರ ನನಗೆ ಜ್ವರ ಏರಿ ಮತ್ತೆ ರಕ್ತ ಕಂಡಿತು. ಆ ಹಕ್ಕಿಗಾಗಿ ನಾನು ಬಿಕ್ಕಿ ಬಿಕ್ಕಿ ಅತ್ತೆ. ಹಕ್ಕಿಗೆ ಅಳುತ್ತಿದ್ದೇನೋ ನನಗೇ ಅಳುತ್ತಿದ್ದೇನೋ ನನಗೇ ತಿಳಿಯಲಿಲ್ಲ. "ಪದ್ದೂನ ನಂಜನಗೂಡಿಗೆ, ನಮ್ಮಮ್ಮನ ಹತ್ತಿರ ಕಳಿಸ್ಬಿಡಿ" ಎಂದು ಯಜಮಾನರಿಗೆ ಹೇಳಿದೆ. ಅವರು ಪೇಟವನ್ನು ಕೈಯಲ್ಲಿ ತಿರುಗಿಸುತ್ತಾ, "ಅವಳು ಹೋದ್ರೆ ನನಗೆ ವರದಿ ಯಾರು ಕೊಡ್ತಾರೆ?" ಎಂದರು. ಆ ಒಂದು ಮಾತಿಗೆ ನಾನು ಅವರಿಗೆ ಜನ್ಮವಿಡೀ ಋಣಿ.

ಯುಗಾದಿಯ ಹೊತ್ತಿಗೆ ಜ್ವರ ತಗ್ಗಿತು. ಪಕ್ಕದ ಮನೆಯ ಬೇವಿನ ಮರ ಹೂಬಿಟ್ಟು ನಮ್ಮ ಹಿತ್ತಲೆಲ್ಲ ಘಮಘಮ. ಹೇರಳೆ ಗಿಡದಲ್ಲಿ ಹೆಬ್ಬೆರಳಷ್ಟು ಹಕ್ಕಿಯೊಂದು ಎರಡು ಎಲೆಗಳನ್ನು ಸೇರಿಸಿ ಕೊಕ್ಕಿನಲ್ಲಿ ಹೊಲಿಯಿತು. ಅತ್ತೆಗೆ ತೋರಿಸಿದೆ. ಅವರು ಬಗ್ಗಿ ನೋಡಿ, "ಅಯ್ಯೋ, ಕಡ್ಡಿ ಇಲ್ದೇ ಎಲೆ ಹಚ್ಚುತ್ತಲ್ಲೇ ಇದು!" ಎಂದರು. ಊಟದ ಎಲೆ ಹಚ್ಚುವುದರಲ್ಲಿ ನಮ್ಮ ಬೀದಿಗೇ ಅವರದು ಎತ್ತಿದ ಕೈ. ಅಂದಿನಿಂದ ಮುತ್ತುಗದ ಎಲೆಯ ಕಟ್ಟನ್ನು ಹಿತ್ತಲಿಗೇ ತಂದು, ನನ್ನಿಂದ ದೂರದಲ್ಲಿ, ಆ ಗಿಡದ ಎದುರಿಗೆ ಕೂತು ಹಚ್ಚತೊಡಗಿದರು. ಪಂದ್ಯ ಕಟ್ಟಿದವರ ಹಾಗಿದ್ದರು.

ಬೇವಿನ ಮರದಲ್ಲಿ ಕಾಗೆ ಗೂಡು ಕಟ್ಟಿತು. ನಮ್ಮ ಚಪ್ಪರಕ್ಕೆ ನೆಟ್ಟಗೆ ಮೇಲಿನ ಕೊಂಬೆಯಲ್ಲಿ. ಪದ್ದು ಅದನ್ನು ಕಂಡುಹಿಡಿದಳು. ಇಷ್ಟು ಕಾಲ ಅಮ್ಮನನ್ನು ಹಿಡಿದುಕೊಂಡಿದ್ದ ಕಾಗೆ ಎಲ್ಲಿದೆ ಎಂದು ಹುಡುಕುತ್ತಿದ್ದವಳಿಗೆ ಕಳ್ಳ ಸಿಕ್ಕಿಬಿದ್ದ ಹಾಗಾಯಿತು.

ಒಂದು ಬೆಳಿಗ್ಗೆ, ಎಳೆಬಿಸಿಲಿಗೆಂದು ಚಪ್ಪರದ ಆಚೆಗೆ ಎಳೆಸಿದ್ದ ಮಂಚದ ಮೇಲೆ ನಾನು ಎದ್ದು ಕೂತಿದ್ದೆ. ಅತ್ತೆ ಹಾಲಿನ ಲೋಟ ಹಿಡಿದು ಬರುತ್ತಿದ್ದರು. ಪದ್ದು ಉದುರಿದ್ದ ಸೀಬೆಕಾಯಿಗಳನ್ನು ಲಂಗದ ತುಂಬ ಆರಿಸಿಕೊಂಡು, "ನಮ್ಮಮ್ಮನ್ನ ಬಿಡ್ತೀಯೋ ಇಲ್ವೋ!" ಎಂದು ಗೂಡಿನ ಕಡೆ ಬೀಸತೊಡಗಿದಳು. ಒಂದೂ ಗೂಡಿನವರೆಗೆ ಹೋಗಲಿಲ್ಲ. ಆದರೆ ಕಾಗೆಗೆ ಅರ್ಥವಾಯಿತು. ಕೆಳಗೆ ಧುಮುಕಿ ಬಂತು. ಹೊಡೆದವಳನ್ನು ಬಿಟ್ಟು, ಕೂತಿದ್ದ ನನ್ನ ತಲೆಯ ಮೇಲೆ ಎರಡು ಕಾಲನ್ನೂ ಊರಿ, ರಪ್ಪನೆ ರೆಕ್ಕೆ ಬಡಿದು ಹೋಯಿತು.

ಅತ್ತೆಯ ಕೈಯಿಂದ ಲೋಟ ಬಿತ್ತು. "ಅಯ್ಯೋ ಶಿವನೇ, ತಲೆ ಮುಟ್ಟಿಬಿಡ್ತಲ್ಲೇ!"

ಕಾಗೆ ತಲೆಯನ್ನು ಮುಟ್ಟಿದರೆ ಸಾವು ಹತ್ತಿರ ಎಂದು ನಮ್ಮಲ್ಲಿ ನಂಬಿಕೆ. ಅದಕ್ಕೊಂದು ಪರಿಹಾರವೂ ಉಂಟು. ಮುಟ್ಟಿಸಿಕೊಂಡವರು ಸತ್ತರೆಂದು ನೆಂಟರಿಗೆ ಸುಳ್ಳು ಸುದ್ದಿ ಕಳಿಸಬೇಕು. ಅವರು ನಿಜವಾಗಿ ಅತ್ತುಬಿಟ್ಟರೆ, ಅಳು ಸಂದಾಯವಾಯಿತು ಎಂದು ಸಾವು ತಿರುಗಿ ಹೋಗುತ್ತದೆ. ಆಮೇಲೆ, ಸುಳ್ಳು ಕಣ್ರೀ, ಕಾಗೆ ಮುಟ್ಟಿತ್ತು ಎಂದು ತಿಳಿಸಿದರೆ ಎಲ್ಲರೂ ನಕ್ಕು ಪಾಯಸ ಮಾಡಿ ಉಣ್ಣುತ್ತಾರೆ. ಗಟ್ಟಿಮುಟ್ಟಾಗಿರುವವರ ವಿಷಯದಲ್ಲಿ ಇದು ಸಲೀಸು. ಸುದ್ದಿ ಬಂದೊಡನೆ ನೆಂಟರಿಗೆ ಕಾಗೆಯ ಅನುಮಾನ ಬರುತ್ತದೆ. ನನ್ನಂಥ ಕಾಯಿಲೆಯವಳು ಹೋದಳೆಂದರೆ ಯಾರಿಗೆ ತಾನೇ ಕಾಗೆ ನೆನಪಾಗುತ್ತದೆ? ಅಷ್ಟನ್ನು ಯೋಚಿಸುವ ಸ್ಥಿತಿಯಲ್ಲಿ ಅತ್ತೆ ಇರಲಿಲ್ಲ. ಯಜಮಾನರು ಆಗಲೇ ಕಚೇರಿಗೆ ಹೋಗಿದ್ದರು. ಪಕ್ಕದ ಮನೆಯ ಶಾಮಣ್ಣನವರು ದೇವರ ದರ್ಶನಕ್ಕೆ ನಂಜನಗೂಡಿಗೆ ರೈಲು ಹಿಡಿಯಲು ಹೊರಟಿದ್ದರು. ಅತ್ತೆ ಅವರನ್ನು ಗೇಟಿನಲ್ಲೇ ಹಿಡಿದು, ಮೊದಲು ಹೀಗೆ ಹೇಳಿ, ಅವರು ಅತ್ತ ಕೂಡಲೇ ಹಾಗೆ ಹೇಳಿ ಎಂದು ಎರಡು ಮಾತನ್ನೂ ಕಲಿಸಿ ಕಳಿಸಿದರು.

ಶಾಮಣ್ಣನವರು ಸಾಧು. ನಮ್ಮ ತವರುಮನೆಯ ಬಾಗಿಲಲ್ಲಿ ನಿಂತು ಮೊದಲನೆಯ ಮಾತನ್ನು ಹೇಳಿದರು. ಒಳಗಿನಿಂದ ಎದ್ದ ಗೋಳನ್ನು ಕೇಳಿ, ನಮ್ಮಣ್ಣ ಕಂಬಕ್ಕೆ ಹಣೆ ಚಚ್ಚಿಕೊಂಡಿದ್ದನ್ನು ನೋಡಿ, ಎರಡನೆಯದನ್ನು ಹೇಳಲು ಅವರ ನಾಲಗೆ ಏಳಲಿಲ್ಲ. ಇಷ್ಟೆಲ್ಲ ಅಳಿಸಿ ಆಮೇಲೆ ಸುಳ್ಳೆಂದರೆ ಬೆನ್ನಿನ ಚರ್ಮ ಉಳಿಯುವುದಿಲ್ಲವೆಂದು ಮೆಲ್ಲನೆ ದೇವಸ್ಥಾನಕ್ಕೆ ಹೋಗಿ ಜನರ ಸಾಲಿನಲ್ಲಿ ಸೇರಿಕೊಂಡರಂತೆ.

ಮಧ್ಯಾಹ್ನದ ರೈಲಿಗೆ ನಮ್ಮಮ್ಮ, ಅಣ್ಣ ಬಂದಿಳಿದರು. ಮನೆಯ ಮುಂದೆ ಜಟಕಾ ನಿಂತಾಗ ಗಾಡಿಯವನು ಖಾಲಿ ಬೀದಿಯನ್ನು ನೋಡಿ, "ಅಯ್ಯೋ, ಯಾರೂ ಇಲ್ವಲ್ಲಾ ಸ್ವಾಮಿ, ಆಗ್ಲೇ ಎತ್ಕೊಂಡೋಗ್ಬುಟ್ರೋ ಏನೋ" ಎಂದನಂತೆ. ಅಮ್ಮನಿಗೆ ಇದ್ದಬದ್ದ ಜೀವವೂ ಹೋಯಿತು. ಪಕ್ಕದ ಓಣಿಯಿಂದಲೇ ಹಾಡಿಕೊಂಡು ಅಳುತ್ತಾ ಹಿತ್ತಲಿಗೆ ಬಂದಳು. ನನ್ನ ಗುಣಗಳನ್ನೆಲ್ಲ ಹೇಳಿಕೊಂಡು ಅಳುತ್ತಿದ್ದಳು. ಚಿನ್ನದಂಥ ಮಗಳಂತೆ, ನನ್ನ ಕೈಯ ಸಾರು ಅಮೃತವಂತೆ. ಬದುಕಿರುವಾಗ ಒಂದು ದಿನವಾದರೂ ನನ್ನ ಸಾರಿಗೆ ಉಪ್ಪು ಸರಿಯಾಗಿದೆ ಎಂದವಳಲ್ಲ.

ನಾನು ಮಂಚದ ಮೇಲೆ ಕೂತು ಬೇವಿನ ಮರದ ಕೋಗಿಲೆಯನ್ನು ನೋಡುತ್ತಿದ್ದೆ. "ಯಾಕಮ್ಮ, ಏನಾಯ್ತು?" ಎಂದೆ.

ಅಮ್ಮ ನಿಂತಲ್ಲೇ ನಿಂತಳು. ಆಮೇಲೆ ಓಡಿ ಬಂದು ನನ್ನ ಕೆನ್ನೆಗೆ ಒಂದು ಬಿಟ್ಟಳು. ಬಿಟ್ಟ ಕೈಯಲ್ಲೇ ತಬ್ಬಿಕೊಂಡಳು. "ಬದುಕಿದ್ದೀಯೇನೇ ನಾಗೂ! ಬದುಕಿದ್ದೀಯಲ್ಲೇ ನನ್ನ ತಾಯಿ!" ಡಾಕ್ಟರು, ಗಾಳಿ, ಬೇರೆ ಲೋಟ ಯಾವುದೂ ಆ ತೋಳುಗಳಿಗೆ ಗೊತ್ತಿರಲಿಲ್ಲ. ನಾನು ಮುಖವನ್ನು ಆಚೆ ತಿರುಗಿಸಿ, ಉಸಿರು ಬಿಗಿಹಿಡಿದು, ಅವಳ ತೋಳಿನಲ್ಲಿ ಹಾಗೇ ಇದ್ದೆ. ಆರು ತಿಂಗಳ ಮೇಲೆ ಒಬ್ಬರು ನನ್ನನ್ನು ಮುಟ್ಟಿದ್ದರು. ಬಿಡಿಸಿಕೊಳ್ಳಬೇಕೆಂದು ಗೊತ್ತಿತ್ತು, ಕೂಡಲೇ ಬಿಡಿಸಿಕೊಳ್ಳಲಾಗಲಿಲ್ಲ.

ವಿಷಯ ತಿಳಿದ ಮೇಲೆ ಅಮ್ಮನ ಸಿಟ್ಟು ಅತ್ತೆಯ ಕಡೆ ತಿರುಗಿತು. "ಏನ್ರೀ ಇದು? ಕಾಯಿಲೆಯವಳ ವಿಷಯದಲ್ಲಿ ಯಾರಾದ್ರೂ ಹೀಗೆ ಹೇಳಿ ಕಳಿಸ್ತಾರೇನ್ರೀ? ನಮ್ಮ ಜೀವ ಹೋಗಿದ್ರೆ?"

ಅತ್ತೆ ಬಾವಿಕಟ್ಟೆಗೆ ಒರಗಿ ನಿಂತಿದ್ದರು. ಯಾರ ಎದುರಿಗೂ ಅತ್ತವರಲ್ಲ, ಸೆರಗನ್ನು ಬಾಯಿಗೆ ತುರುಕಿಕೊಂಡು ಅತ್ತರು. "ಇನ್ನೇನು ಮಾಡ್ಲಿ ಹೇಳಿ. ಆ ಮಗು ದಿನಾ ಬೆಳಗಾದ್ರೆ ಕೇಳತ್ತೆ, ಕಾಗೆ ಯಾವಾಗ ಬಿಡತ್ತೆ ಅಂತ. ನಾನು ಏನಂತ ಹೇಳ್ಲಿ? ನಿಮ್ಮ ಕಣ್ಣೀರಿನಿಂದಾದ್ರೂ ಇವಳು ನಮಗೆ ಉಳೀಲಿ ಅಂತ ಮಾಡಿದೆ ಕಣ್ರೀ."

ಸ್ವಲ್ಪ ಹೊತ್ತಾದ ಮೇಲೆ ಇಬ್ಬರೂ ಬಾವಿಕಟ್ಟೆಯ ಮೇಲೆ ಪಕ್ಕಪಕ್ಕ ಕೂತು ಅಳುತ್ತಿದ್ದರು. ಅಣ್ಣ ಮೊದಲು ನಕ್ಕ. ಅತ್ತೆಯನ್ನು ನಾನು ಅಲ್ಲಿಯವರೆಗೆ ಮಡಿ, ಮೈಲಿಗೆ ಎನ್ನುವ ಹೆಂಗಸೆಂದು ತಿಳಿದಿದ್ದೆ. ನಾನು ಉಳಿಯಬೇಕೆಂದು ಅವರು ಇಷ್ಟು ಆಸೆಪಟ್ಟಿದ್ದರೆಂದು ಆ ಕಾಗೆ ಬಂದು ಕೂರದಿದ್ದರೆ ನನಗೆ ತಿಳಿಯುತ್ತಲೇ ಇರಲಿಲ್ಲ.

ಪದ್ದು ಮಾತ್ರ ನಗಲಿಲ್ಲ. ಒಗೆಯುವ ಕಲ್ಲಿನ ಹತ್ತಿರ ನಿಂತು, "ನಂಜನಗೂಡು ಅಜ್ಜಿ ಮುಟ್ಟಿದ್ರು. ನಾನ್ಯಾಕೆ ಮುಟ್ಟಬಾರದು?" ಎಂದು ಕೇಳಿದಳು. ಅಮ್ಮನಿಗೆ ಬಾವಿಯ ಹತ್ತಿರ ಸೋಪು ಹಚ್ಚಿ ಸ್ನಾನ ಮಾಡಿಸಿದ್ದನ್ನು ತೋರಿಸಿ ಏನೋ ಹೇಳಿ ಸಮಾಧಾನ ಮಾಡಿದೆವು. ಅವಳಿಗೆ ಸಮಾಧಾನವಾಗಲಿಲ್ಲವೆಂದು ಅವಳು ನಿಂತ ರೀತಿಯಲ್ಲೇ ತಿಳಿಯುತ್ತಿತ್ತು.

ಮುಂಗಾರು ಬಂದು ಚಪ್ಪರ ಸೋರತೊಡಗಿದ ಮೇಲೆ ಮಂಚ ಹಿಂದಿನ ಜಗಲಿಗೆ ಬಂತು. ಅಲ್ಲಿಂದ ಬೇವಿನ ಮರ ಇನ್ನೂ ಚೆನ್ನಾಗಿ ಕಾಣುತ್ತಿತ್ತು. ಕಾಗೆಯ ಗೂಡಿನಿಂದ ಎರಡು ಕಾಗೆಮರಿ, ಒಂದು ಕೋಗಿಲೆಮರಿ ಹೊರಬಂದವು. ಮಳೆಯಲ್ಲಿ ತೊಯ್ದು ತೊಪ್ಪೆಯಾಗಿ ಕಾಗೆ ಮೂರಕ್ಕೂ ಗುಟುಕು ಕೊಡುತ್ತಿತ್ತು. ತಲೆಯ ಮೇಲೆ ಕೂತದ್ದಕ್ಕೆ ನನಗೆ ಅದರ ಮೇಲೆ ಕೋಪವಿರಲಿಲ್ಲ. ಮರಿಗಾಗಿ ಅದೂ ತನಗೆ ತಿಳಿದದ್ದನ್ನು ಮಾಡಿತ್ತು. ಶ್ರಾವಣದಲ್ಲಿ ಸಂಜೆಯ ಜ್ವರ ನಿಂತಿತು. ಬಳೆಗಳು ಮಣಿಕಟ್ಟಿನಲ್ಲೇ ನಿಲ್ಲತೊಡಗಿದವು. ಒಂದು ದಿನ ಸಾರಿನ ಪರಿಮಳಕ್ಕೆ ನಿಜವಾಗಿ ಹಸಿವಾಯಿತು. ಎರಡು ಸಲ ಬಡಿಸಿಕೊಂಡೆ. ಅತ್ತೆ ಒಳಗೆ ಹೋಗಿ ದೇವರ ಮುಂದೆ ತುಪ್ಪದ ದೀಪ ಹಚ್ಚಿದರು.

ಪಿತೃಪಕ್ಷ ಬಂತು. ನಮ್ಮ ಮಾವನವರ ಶ್ರಾದ್ಧದ ದಿನ ಅತ್ತೆ ಹಿತ್ತಲಿನ ಗೋಡೆಯ ಮೇಲೆ, ಯಜಮಾನರು ಹಾಕಿದ ಪಿಂಡವನ್ನಿಟ್ಟು, ಕೈಮುಗಿದು, "ಕಾ, ಕಾ" ಎಂದು ಕರೆದರು. ಪದ್ದುವಿಗೆ ದಿಗಿಲು. ಶತ್ರುವನ್ನು ಕರೆದು ಊಟ ಹಾಕುವುದೇ! ಅತ್ತೆ, "ಅದು ನಿಮ್ಮ ತಾತ ಕಣೇ, ಏನು ಬೇಕೋ ಕೇಳ್ಕೋ" ಎಂದರು. ಬೇವಿನ ಮರದ ಕಾಗೆಯೇ ಇರಬೇಕು, ಬಂದು ಕೂತಿತು. ಪದ್ದು ತಾನೂ ಕೈಮುಗಿದು, ಗೌರವ ಕೊಟ್ಟು ಹೇಳಿದಳು: "ತಾತ, ಹೊಟ್ಟೆ ತುಂಬ ತಿನ್ನಿ. ತಿಂದ್ಬಿಟ್ಟು ನಮ್ಮಮ್ಮನ್ನ ಬಿಟ್ಬಿಡಿ." ಯಜಮಾನರು ಸರಸರನೆ ಒಳಗೆ ಹೋದರು. ಅವರ ಕಣ್ಣನ್ನು ನಾನು ನೋಡಿದ್ದೆ.

ದಸರೆಗೆ ಮುಂಚೆ ಆಸ್ಪತ್ರೆಗೆ ಹೋದೆವು. ಅದೇ ವರಾಂಡ, ಅದೇ ಬೆಂಚು. ಈ ಸಲ ನನ್ನ ಪಕ್ಕದಲ್ಲಿ ಹೊಸದಾಗಿ ಮದುವೆಯಾದ ಹುಡುಗಿಯೊಬ್ಬಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ ಕೂತಿದ್ದಳು. ಅವಳಿಗೆ ಧೈರ್ಯ ಹೇಳಬೇಕೆಂದುಕೊಳ್ಳುವಷ್ಟರಲ್ಲಿ ಒಳಗಿನಿಂದ ನನ್ನ ಹೆಸರು ಕೂಗಿದರು. ಡಾಕ್ಟರು ಎದೆಗೆ ನಳಿಕೆಯಿಟ್ಟು ಬಹಳ ಹೊತ್ತು ಕೇಳಿದರು. ಈಚೆಗೆ ಪರೀಕ್ಷೆಗೆ ಕೊಟ್ಟ ಎರಡು ಸಲವೂ ಕಫದಲ್ಲಿ ಏನೂ ಸಿಕ್ಕಿಲ್ಲ ಎಂದರು. "ಮನೆ ಒಳಗೆ ಹೋಗಬಹುದಮ್ಮ. ಮಗೂನ ಸೇರಿಸ್ಕೋಬಹುದು. ಆದ್ರೆ ಭಾರ ಮಾತ್ರ ಎತ್ತಬೇಡಿ. ನೀರು ಸೇದೋದು, ಹಿಟ್ಟು ಬೀಸೋದು, ಮಗೂನ ಎತ್ಕೊಳ್ಳೋದು, ಒಂದೂ ಆಗಕೂಡ್ದು" ಎಂದರು. ಹೊರಗೆ ಬಂದು ಆ ಹುಡುಗಿಯ ಕೈಯನ್ನು ಒಂದು ಸಲ ಒತ್ತಿದೆ. ಅವಳಿಗೆ ಅರ್ಥವಾಯಿತೋ ಇಲ್ಲವೋ.

ಮನೆಗೆ ಬರುವ ಹೊತ್ತಿಗೆ ಬಚ್ಚಲ ಹಂಡೆಯ ಕೆಳಗೆ ಉರಿ ಹಾಕಿ ಅತ್ತೆ ಕಾಯುತ್ತಿದ್ದರು. ಸುದ್ದಿ ಕೇಳಿದ್ದೇ ನನ್ನನ್ನು ಮಣೆಯ ಮೇಲೆ ಕೂರಿಸಿ, ತಮ್ಮ ಕೈಯಿಂದಲೇ ನೆತ್ತಿಗೆ ಹರಳೆಣ್ಣೆ ಒತ್ತಿದರು. ಬೆನ್ನು, ಭುಜ, ಎದೆಯ ಮೂಳೆ ಎಲ್ಲವನ್ನೂ ತಿಕ್ಕಿ ತಿಕ್ಕಿ ನೀರು ಹಾಕಿದರು. ಸೀಗೆಪುಡಿಯ ನೆಪದಲ್ಲಿ ಇಬ್ಬರೂ ಕಣ್ಣು ಒರೆಸಿಕೊಂಡೆವು.

ತಲೆಗೆ ಬಟ್ಟೆ ಸುತ್ತಿಕೊಂಡು ಹೊರಗೆ ಬಂದೆ. ಪದ್ದು ಒಗೆಯುವ ಕಲ್ಲಿನ ಹತ್ತಿರವೇ ನಿಂತಿದ್ದಳು. "ಬಾರೇ" ಎಂದೆ. ಅವಳು ಬರಲಿಲ್ಲ. ಅಜ್ಜಿಯ ಮುಖ ನೋಡಿದಳು.

"ಹೋಗು ಕಣೇ, ತಲೆಗೆ ನೀರು ಹಾಕಿದೀನಲ್ಲ. ಕಾಗೆ ಬಿಡ್ತು, ಹೋಗು" ಎಂದರು ಅತ್ತೆ.

ಒಂದೊಂದೇ ಹೆಜ್ಜೆ ಇಟ್ಟುಕೊಂಡು ಬಂದಳು. ಒಂದು ಬೆರಳಿನಿಂದ ನನ್ನ ಮುಂಗೈಯನ್ನು ಮುಟ್ಟಿ ಚಕ್ಕನೆ ಕೈ ಹಿಂದಕ್ಕೆ ಎಳೆದುಕೊಂಡಳು. ಯಾರೂ ಗದರಲಿಲ್ಲ. ತನ್ನ ಬೆರಳನ್ನು ತಾನೇ ನೋಡಿಕೊಂಡಳು.

"ಇನ್ನೊಂದ್ಸಲ ಮುಟ್ಲಾ ಅಮ್ಮ?"

ಭಾರ ಎತ್ತಬಾರದೆಂದು ಡಾಕ್ಟರು ಹೇಳಿದ್ದರು. ಎತ್ತಿಕೊಂಡೆ.